ಟ್ರಸ್ ಎತ್ತುತ್ತಿದ್ದ ಈರಪ್ಪ ಮಿಸ್ತ್ರಿ

ಈರಪ್ಪ ಮಿಸ್ತ್ರಿಯವರ ಬಲಗೈಯ ನಾಲ್ಕು ಬೆರಳುಗಳೂ ಒಂದೇ ಉದ್ದವಾಗಿದ್ದವು. ಪ್ರಾಯದಲ್ಲಿ ಯಾವುದೋ ಸೇತುವೆಯ ಕೆಲಸದಲ್ಲಿ ಎರಡು ಉಕ್ಕಿನ ತೊಲೆಗಳ ನಡುವೆ ಕೈ ಸಿಕ್ಕಿ ತುದಿಗಳು ಹೋಗಿದ್ದವು. ಹೊಸಬರು ಕಣ್ಣರಳಿಸಿ ನೋಡಿದರೆ ಕೈಯನ್ನು ಇನ್ನಷ್ಟು ಮುಂದೆ ಚಾಚಿ, "ಕಬ್ಬಣ ನನ್ನ ಅಳತಿ ತಗೊಂಡೈತ್ರಿ. ಚಂದ ನೋಡ್ಕೊರಿ" ಎಂದು ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಡಿಪ್ಲೊಮಾ ಮುಗಿಸಿ ಬಾಗಲಕೋಟೆಯ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದೆ. ಹತ್ತಿ ಗೋದಾಮು, ಗಿರಣಿ, ಶಾಲೆಯ ಶೆಡ್ಡು ಹೀಗೆ ದೊಡ್ಡ ಛಾವಣಿ ಬೇಕಾದ ಕಡೆಗೆಲ್ಲ ಕಬ್ಬಿಣದ ಚೌಕಟ್ಟು ಮಾಡಿ ನಿಲ್ಲಿಸುವುದು ನಮ್ಮ ಕೆಲಸ. ನಕಾಶೆ ನನ್ನದು, ನಿಲ್ಲಿಸುವುದು ಮಿಸ್ತ್ರಿಯವರದು. ಅಮೀನಗಡದ ಕಂಬಾರರ ಮನೆತನ ಅವರದು. ಓದಲು ಬರುತ್ತಿರಲಿಲ್ಲ, ಆದರೆ ನಕಾಶೆಯನ್ನು ತಲೆಕೆಳಗು ಹಿಡಿದು ಕೊಟ್ಟರೂ ಸರಿಯಾಗಿ ಹೇಳುತ್ತಿದ್ದರು.

ಅದು ಗೊತ್ತಾದದ್ದು ನನ್ನ ಮೊದಲ ಗೋದಾಮಿನಲ್ಲೇ. ಟ್ರಸ್ ಎಂದರೆ ಛಾವಣಿಯ ಭಾರ ಹೊರುವ ತ್ರಿಕೋನದ ಚೌಕಟ್ಟು. ಕಬ್ಬಿಣ ಕತ್ತರಿಸುವ ಮೊದಲು ಮಿಸ್ತ್ರಿ ಅದನ್ನು ಇದ್ದಷ್ಟೇ ದೊಡ್ಡದಾಗಿ ನೆಲದ ಮೇಲೆ ಸುಣ್ಣದ ದಾರದಿಂದ ಬರೆಯುತ್ತಿದ್ದರು. ಒಂದು ದಿನ ಕೂಲಿಯವರು ಬರುವ ಮೊದಲೇ ನನ್ನನ್ನು ಕರೆಸಿ, "ಸಾಹೇಬ್ರ, ಚಪ್ಲಿ ಕಳದು ಈ ಗೆರಿ ಮ್ಯಾಲೆ ನಡೀರಿ" ಎಂದರು. ನಡೆದೆ. ಮೂರನೆಯ ಗೆರೆಯ ತುದಿಗೆ ಬಂದಾಗ ಮುಂದಿನ ಗೆರೆ ನಾಲ್ಕು ಬೆರಳು ಆಚೆ ಇತ್ತು. ನನ್ನ ಲೆಕ್ಕ ತಪ್ಪಿತ್ತು.

"ಎಲ್ಲಿ ಕಾಲ ತಪ್ಪತೈತಿ, ಅಲ್ಲಿ ನಕಾಶಿ ತಪ್ಪಿರತೈತ್ರಿ" ಎಂದು ಮೆಲ್ಲಗೆ ಹೇಳಿ ಕಾಲಿನಿಂದಲೇ ಸುಣ್ಣವನ್ನು ಅಳಿಸಿಬಿಟ್ಟರು. ಈ ಮಾತು ಗುತ್ತಿಗೆದಾರರ ಕಿವಿಗೆ ಎಂದೂ ಬೀಳಲಿಲ್ಲ.

ಆಗ ನಮ್ಮ ಕಡೆ ಕ್ರೇನ್ ಎಲ್ಲಿಂದ ಬರಬೇಕು? ಒಂದು ಎತ್ತರದ ಕಂಬ, ಒಂದು ಚೈನ್ ಪುಲ್ಲಿ, ಹತ್ತು ಹನ್ನೆರಡು ಆಳು, ಹಗ್ಗ. ಮೊದಲ ಟ್ರಸ್ ನಿಂತ ಮೇಲೆ ಎರಡನೆಯದು ಎದ್ದು, ಎರಡಕ್ಕೂ ಅಡ್ಡಪಟ್ಟಿ ಬೀಳುವ ತನಕ ಅದು ಒಂಟಿಕಾಲಿನ ಮನುಷ್ಯನಂತೆ. ನಾಲ್ಕು ದಿಕ್ಕಿಗೆ ನಾಲ್ಕು ಹಗ್ಗ ಎಳೆದು ಗೂಟಕ್ಕೆ ಬಿಗಿದರಷ್ಟೇ ನಿಲ್ಲುತ್ತದೆ. ಆ ಗಂಟು ಹಾಕುವುದು ಮಿಸ್ತ್ರಿಯೇ. ಬಿಚ್ಚುವುದೂ ಅವರೇ. ಮಗ ಮಲ್ಲಪ್ಪನಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಬಾದಾಮಿಯಲ್ಲಿ ಶಾಲೆಯ ಶೆಡ್ಡು ಕಟ್ಟುವಾಗ ಗಾಳಿ ಎದ್ದಿತೆಂದು ಮೂರು ದಿನ ಕೆಲಸ ನಿಲ್ಲಿಸಿ ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟಿದ್ದರು. ಗುತ್ತಿಗೆದಾರರು ಬಂದು ಕೂಗಾಡಿದರು. "ನಿಮ್ಮ ಅವಸರ ನನಗ ತಿಳೀತೈತ್ರಿ. ಗಾಳಿಗೆ ತಿಳಿಸಿ ಬರ್ರಿ, ಎತ್ತತೇನಿ" ಎಂದು ಮಿಸ್ತ್ರಿ ಎಲೆ ಅಡಿಕೆ ಹಾಕಿಕೊಂಡರು.

ಮಲ್ಲಪ್ಪನಿಗೆ ನನ್ನದೇ ವಯಸ್ಸು. ಎತ್ತರದಲ್ಲಿ ಹಾಡಿಕೊಂಡು ಬೋಲ್ಟ್ ಬಿಗಿಯುತ್ತಿದ್ದ. ಮಧ್ಯಾಹ್ನ ನನ್ನ ಡಬ್ಬಿಯ ಚಪಾತಿ ಅವನಿಗೆ, ಅವನ ರೊಟ್ಟಿ ನನಗೆ. ಅವನ ಮದುವೆಯಲ್ಲಿ ಬೀಗರ ಸಾಲಿನಲ್ಲಿ ನನ್ನನ್ನೂ ಕೂಡಿಸಿ ಉಣ್ಣಿಸಿದ್ದರು.

ಇಳಕಲ್ಲಿನಲ್ಲಿ ಕೆಂಪುಕಲ್ಲಿಗೆ ಪಾಲಿಶ್ ಮಾಡುವ ಶೆಡ್ಡಿನ ಕೆಲಸ ಬಂತು. ಮೊದಲ ಟ್ರಸ್ ನಿಲ್ಲಿಸಿದ ಮರುದಿನ ಮಿಸ್ತ್ರಿ, ಕೆಲಸದ ಜಾಗದಲ್ಲೇ ಜೊತೆಗೆ ಇಳಿದಿದ್ದ ಹೆಂಡತಿ ಗಂಗವ್ವನನ್ನು ಕಣ್ಣು ತೋರಿಸಲು ಹುನಗುಂದದ ದವಾಖಾನೆಗೆ ಕರೆದುಕೊಂಡು ಹೊರಟರು. ಹೊರಡುವಾಗ, "ಸಣ್ಣ ಕೆಲಸಾ ನಡೀಲಿ. ಹಗ್ಗಕ್ಕ ಮಾತ್ರ ಯಾರೂ ಕೈ ಹಚ್ಚಬ್ಯಾಡ್ರಿ" ಎಂದರು.

ಹನ್ನೊಂದರ ಹೊತ್ತಿಗೆ ತಗಡು ಹೊತ್ತ ಲಾರಿ ಬಂತು. ಒಳಗೆ ಬರುವ ದಾರಿಗೆ ಒಂದು ಹಗ್ಗ ಅಡ್ಡವಿತ್ತು. ಡ್ರೈವರ್ ಹಾರ್ನ್ ಒತ್ತಿದ. ಶೆಡ್ಡಿನ ಮಾಲೀಕರು, "ಏನ್ರಿ ಇಂಜಿನಿಯರ್ ಸಾಹೇಬ್ರ, ಒಂದ ಹಗ್ಗಕ್ಕ ಲಾರಿ ನಿಲ್ಲಸ್ತೀರೇನು?" ಎಂದು ಎಲ್ಲರೆದುರು ನಕ್ಕರು. ಆ ನಗು ನನಗೆ ನಾಟಿತು. ಎಲೆ ಅಲುಗುತ್ತಿರಲಿಲ್ಲ. ಮಲ್ಲಪ್ಪ ಟ್ರಸ್ಸಿನ ಮೇಲಿದ್ದ.

"ಮಲ್ಲಪ್ಪಾ, ಐದ ನಿಮಿಷ ಒಂದ ಹಗ್ಗಾ ಬಿಚ್ಚಸ್ತೇನಿ" ಎಂದು ಕೂಗಿದೆ.

"ಅಪ್ಪ ಬಂದ ಮ್ಯಾಲೆ ಬಿಚ್ಚಿದ್ರಾತಲ್ರಿ?"

"ಲಾರಿ ನಿಂತೈತೋ."

ಅವನು ಕೆಳಗೆ ನನ್ನ ಮುಖ ನೋಡಿದ. "ನೀವಂದ್ರ ಆತ್ರಿ. ಲಗೂ ಕಟ್ಟಸ್ರಿ" ಎಂದ.

ಅವನನ್ನು ಇಳಿಸಬಹುದಿತ್ತು. ಎರಡು ನಿಮಿಷದ ಮಾತು. ನಾನು ಇಳಿಸಲಿಲ್ಲ. ಒಬ್ಬ ಆಳಿಗೆ ಹೇಳಿ ಹಗ್ಗ ಬಿಚ್ಚಿಸಿದೆ.

ಲಾರಿಯ ಹಿಂದಿನ ಗಾಲಿ ಇನ್ನೂ ದಾಟಿರಲಿಲ್ಲ. ಕಲ್ಲಿನ ಗಣಿಯ ಕಡೆಯಿಂದ ಕೆಂಧೂಳು ಏಳುವುದು ಕಂಡಿತು, ಗಾಳಿ ಬಂದು ತಾಕಿತು. ಟ್ರಸ್ ಅವಸರವಿಲ್ಲದೆ, ಮಲಗಲು ಹೊರಟವರ ಹಾಗೆ ವಾಲಿತು. ಮಲ್ಲಪ್ಪ ಕೂಗಲೂ ಇಲ್ಲ.

ಸಂಜೆಯ ಬಸ್ಸಿಗೆ ಮಿಸ್ತ್ರಿ ಬಂದರು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ದವಾಖಾನೆಯಲ್ಲಿ ಗಂಗವ್ವನ ಎರಡೂ ಕಣ್ಣಿಗೆ ಔಷಧ ಹಾಕಿ ಪಟ್ಟಿ ಕಟ್ಟಿದ್ದರು; ಗಂಡನ ಕೈ ಹಿಡಿದು ಹೆಜ್ಜೆ ತಡವುತ್ತ ನಡೆದು ಬಂದಳು. ಮಲಗಿದ ಕಬ್ಬಿಣವನ್ನು ಕಂಡು ಮಿಸ್ತ್ರಿ ನಿಂತರು. ಆಮೇಲೆ ಗೂಟಗಳನ್ನು ನೋಡಿದರು. ಮೂರರಲ್ಲಿ ಹರಿದ ಹಗ್ಗದ ತುಂಡುಗಳಿದ್ದವು. ನಾಲ್ಕನೆಯದು ಬರಿದಾಗಿತ್ತು, ಅದರ ಹಗ್ಗ ಪಕ್ಕದಲ್ಲಿ ಸುತ್ತಿಟ್ಟಂತೆ ಬಿದ್ದಿತ್ತು.

"ಇದು ಹರದಿಲ್ಲ. ಬಿಚ್ಚ್ಯಾರ" ಎಂದರು. "ಯಾರು?"

"ನಾ ಹೇಳಿದ್ದೆ, ಮಿಸ್ತ್ರಿ."

ಅವರು ನನ್ನನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಮಗನೆಲ್ಲಿ ಎಂದು ಕೇಳುವ ಅಗತ್ಯವೂ ಅವರಿಗೆ ಬೀಳಲಿಲ್ಲ. ಕೇಳಿದವಳು ಗಂಗವ್ವ. "ಯಾಕ ಎಲ್ಲಾರೂ ಸುಮ್ಮನ ಅದಾರ? ಮಲ್ಲ್ಯಾನ ದನೀನ ಇಲ್ಲಲ್ಲ. ಮಲ್ಲೂ, ಎಲ್ಲಿ ಅದೀಯೋ?" ಎನ್ನುತ್ತ ಗಾಳಿಯಲ್ಲಿ ಕೈಯಾಡಿಸಿದಳು. ಮಿಸ್ತ್ರಿ ಆ ಕೈ ಹಿಡಿದು ಅವಳನ್ನು ಕಲ್ಲಿನ ಮೇಲೆ ಕೂಡಿಸಿ, ತಾವೂ ಅವಳ ಮುಂದೆ ಮಣ್ಣಿನಲ್ಲಿ ಕುಳಿತರು. ಅವರು ಹೇಗೆ ಹೇಳಿದರೆಂದು ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಾನು ಅಲ್ಲಿಂದ ಓಡಿಬಂದಿದ್ದೆ.

ಪಂಚನಾಮೆಯಲ್ಲಿ ಬಿರುಗಾಳಿ ಎಂದು ಬರೆದರು. ನಾನು ಸಹಿ ಮಾಡಿದೆ.

ತಿಂಗಳ ಮೇಲೆ ಮಿಸ್ತ್ರಿ ಕೆಲಸಕ್ಕೆ ಬಂದರು. ಆ ಶೆಡ್ಡಿನಲ್ಲಿ ಮೇಲೆ ಹತ್ತಲು ಯಾರೂ ಒಪ್ಪಿರಲಿಲ್ಲ. ಅರವತ್ತು ದಾಟಿದ ಮನುಷ್ಯ ಧೋತರ ಕಚ್ಚೆ ಹಾಕಿ, ಮಗ ಬಿದ್ದ ಜಾಗದಲ್ಲಿ ಎದ್ದ ಹೊಸ ಟ್ರಸ್ಸನ್ನು ತಾವೇ ಹತ್ತಿ, ಒಂದೊಂದೇ ಬೋಲ್ಟ್ ಬಿಗಿದರು. ಆಮೇಲೆ ಉಳಿದವರು ಹತ್ತಿದರು. ಕೊನೆಯ ತಗಡು ಬಿದ್ದ ದಿನ ಬೋಲ್ಟ್ ಬಿಗಿಯುವ ತಮ್ಮ ಪಾನಾ, ಸುತ್ತಿಗೆ ಎಲ್ಲ ಆಳುಗಳಿಗೆ ಹಂಚಿ ಊರಿಗೆ ಹೋದವರು ಮತ್ತೆ ಯಾವ ಕೆಲಸಕ್ಕೂ ಬರಲಿಲ್ಲ.

ನಾನು ವರ್ಷಕ್ಕೊಮ್ಮೆ ಅಮೀನಗಡಕ್ಕೆ ಹೋಗುತ್ತಿದ್ದೆ. ಅವರು ತಮ್ಮನ ಕುಲುಮೆಯಲ್ಲಿ ಕುಡುಗೋಲು ಕಾಸಿ ಹಣಿಯುತ್ತ ಇರುತ್ತಿದ್ದರು. ಚಹಾ ಬರುತ್ತಿತ್ತು. ಗಂಗವ್ವ ಹೊರಗೆ ಬರುತ್ತಿರಲಿಲ್ಲ. ನಾಲ್ಕನೆಯ ವರ್ಷ ಕುಡಿದ ಕಪ್ಪು ಕೆಳಗಿಟ್ಟಾಗ ಮಿಸ್ತ್ರಿ, "ಕಾಗದದಾಗ ಗಾಳಿ ಅಂತ ಬರದ್ರಂತಲ್ರಿ" ಎಂದರು.

"ಹೌದ್ರಿ. ನಾನೂ ಸಹಿ ಮಾಡಿದೆ. ಅಂಜಿದ್ದೆ."

"ಗಾಳಿ ಏನ ಮಾಡತೈತ್ರಿ ಪಾಪ. ಅದು ದಿನಾ ಬೀಸತೈತಿ." ಸ್ವಲ್ಪ ಹೊತ್ತು ಕೆಂಡ ಕೆದಕಿದರು. "ನನಗ ಸಿಟ್ಟಿಲ್ಲಂದ್ರ ಸುಳ್ಳಾಗತೈತಿ. ನಿಮಗೂ ಅವತ್ತಿನಿಂದ ನಿದ್ದಿ ಇಲ್ಲ ಅನ್ನೂದು ಮಾರಿ ನೋಡಿದ್ರ ತಿಳೀತೈತಿ. ಆದ್ರ ನೀವ ಬಂದ ಹ್ವಾದ್ರ ಆಕಿ ಎರಡ ದಿನಾ ಉಣ್ಣಂಗಿಲ್ರಿ. ಇನ್ನ ಬರಬ್ಯಾಡ್ರಿ."

ಬಸ್ ನಿಲ್ದಾಣದ ತನಕ ಜೊತೆಗೆ ಬಂದರು. ಬಸ್ಸು ತುಂಬಿತ್ತು. ಕಿಟಕಿಯೊಳಗೆ ತಮ್ಮ ಹೆಗಲ ಮೇಲಿನ ವಲ್ಲಿ ತೂರಿಸಿ ನನಗೊಂದು ಸೀಟು ಹಿಡಿದರು. ನಾನು ಕುಳಿತ ಮೇಲೆ ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡು, ಹಿಂದೆ ನೋಡದೆ ನಡೆದರು.

ಅವರು ತೀರಿಕೊಂಡ ಸುದ್ದಿ ನನಗೆ ಹುನಗುಂದದ ಬಸ್ ನಿಲ್ದಾಣದಲ್ಲಿ ಒಬ್ಬ ಹಳೆಯ ವೆಲ್ಡರ್ ಹೇಳಿದ. ಆಗಲೇ ಒಂದು ತಿಂಗಳಾಗಿತ್ತು. ತಡೆಯಲಾಗದೆ ಅಮೀನಗಡಕ್ಕೆ ಟಿಕೆಟ್ ತೆಗೆದುಕೊಂಡು ಹತ್ತಿ ಕುಳಿತೆ. ಊರು ಬಂದಾಗ, ಗಂಗವ್ವ ಉಣ್ಣದೆ ಕಳೆಯುವ ಆ ಎರಡು ದಿನ ನೆನಪಾಗಿ ಏಳಲಿಲ್ಲ.

"ಅಮೀನಗಡಾ ಬಂತ್ರಿ, ಇಳೀರಿ" ಎಂದ ಕಂಡಕ್ಟರ್.

"ಬಾಗಲಕೋಟಿಗೆ ಕೊಡ್ರಿ" ಎಂದೆ.