ಅಲ್ಸೀಡನ ಗೋಡೆಯ ನಾಲ್ಕು ತೂತು

ಅಲ್ಸೀಡ್ ಮೆಟೊಯೆ ಸುಳ್ಳುಗಾರ. ಹೆದರಿ ಸುಳ್ಳು ಹೇಳುವವರುಂಟು, ಕಷ್ಟಕ್ಕೆ ಸಿಕ್ಕಿ ಹೇಳುವವರುಂಟು; ಅವನು ಆ ಪೈಕಿಯಲ್ಲ. ಕೇಳುವುದಕ್ಕೆ ಎರಡು ಕಿವಿ ಸಿಕ್ಕರೆ ಸಾಕು, ಸುಳ್ಳು ಅವನ ಬಾಯಿಂದ ಉಸಿರಿನಷ್ಟೇ ಸಲೀಸಾಗಿ ಬರುತ್ತದೆ. ಏಳನೇ ತರಗತಿಯಲ್ಲಿ ಅವನಿಗೆ ಇತಿಹಾಸ ಕಲಿಸಿದ ಮಿಸ್ ಅರ್ನೆಸ್ಟೀನ್ ಅವರ ತೀರ್ಮಾನ ಇದು. ಅಂದು ಅವನ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಈ ಮಾತನ್ನು ಮುಂದಿನ ನಲವತ್ತಾರು ವರ್ಷಗಳಲ್ಲಿ ತಿದ್ದುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ವಾರದ ಐದು ದಿನ ಅಲ್ಸೀಡ್ ಶಾಲೆಯೊಂದರ ಬಸ್ಸು ಓಡಿಸುತ್ತಾನೆ. ಶನಿವಾರ ಬೆಳಗಾಯಿತೆಂದರೆ ತಲೆಗೆ ಒಣಹುಲ್ಲಿನ ಟೋಪಿ, ಕಂಕುಳಲ್ಲಿ ಛತ್ರಿ. ನ್ಯೂ ಆರ್ಲಿಯನ್ಸಿನ ಹಳೆಯ ಬೀದಿಗಳಲ್ಲಿ ಪ್ರವಾಸಿಗಳನ್ನು ನಡೆಸಿಕೊಂಡು ಹೋಗಿ, ಮನೆಮನೆಯ ಮುಂದೆ ನಿಂತು ಕಥೆ ಹೇಳುತ್ತಾನೆ.

"ಈ ಮಹಡಿ ಮೇಲಿನ ಕಬ್ಬಿಣದ ಬಳ್ಳಿ ನೋಡಿ. ಒಬ್ಬ ಕಡಲ್ಗಳ್ಳ ತನ್ನ ಮೂರನೇ ಹೆಂಡ್ತಿಗೆ ಅಂತ ಮಾಡಿಸಿದ್ದು."

ಆ ಶನಿವಾರ ಅರ್ನೆಸ್ಟೀನ್ ತರಕಾರಿ ಚೀಲ ಹಿಡಿದು ಅದೇ ದಾರಿಯಲ್ಲಿ ಬಂದರು. "ಅಲ್ಸೀಡ್, ಅದನ್ನ ವೆಲ್ಡಿಂಗ್ ಮಾಡೋವಾಗ ನೀನು ಇಲ್ಲೇ ನಿಂತು ಬಣ್ಣದ ಐಸ್ ಚೀಪ್ತಿದ್ದೆ. ಅಂಗಿಯೆಲ್ಲ ಕೆಂಪು ಮಾಡ್ಕೊಂಡಿದ್ದೆ."

"ನೋಡಿ, ಇವರೇ ನಮ್ ಮಿಸ್! ಕಡಲ್ಗಳ್ಳ ಸಿಕ್ಕಿದ್ರೆ ಅವನನ್ನೂ ಬೆಂಚಿನ ಮೇಲೆ ನಿಲ್ಲಿಸಿಬಿಡ್ತಾರೆ."

ಜನ ನಕ್ಕರು. ಜನ ಎಂದರೆ ಏಳು ಮಂದಿ. ಮೊದಲೆಲ್ಲ ಮೂವತ್ತು ಮಂದಿ ಇರುತ್ತಿದ್ದರು; ಈಗ ಕಿವಿಗೆ ಕಥೆ ಹೇಳುವ ಯಂತ್ರ ಸಿಕ್ಕಿಸಿ ಕರೆದೊಯ್ಯುವವರು, ದೆವ್ವದ ಮನೆ ತೋರಿಸುವವರು ಬಂದು ಅವನ ಗಿರಾಕಿಗಳನ್ನು ಹಂಚಿಕೊಂಡಿದ್ದಾರೆ. ಹೀಗೇ ಆದರೆ ಮುಂದಿನ ಚಳಿಗಾಲಕ್ಕೆ ಟೋಪಿಯನ್ನು ಮೊಳೆಗೆ ನೇತುಹಾಕಬೇಕು. ಅದಕ್ಕೇ ಅವನು ಹಿತ್ತಾಳೆ ಫಲಕದ ಮೇಲೆ ಕಣ್ಣಿಟ್ಟಿದ್ದ.

ಅವರಿರುವ ಟ್ರೆಮೆ ಕೇರಿಯ ಸಮಿತಿ ವರ್ಷಕ್ಕೊಂದು ಹಳೆಯ ಮನೆಗೆ ಅದರ ಇತಿಹಾಸ ಕೊರೆದ ಅಂಥ ಫಲಕ ಹಾಕಿಸುತ್ತದೆ. ಅರ್ನೆಸ್ಟೀನ್ ಅದರ ಕಾರ್ಯದರ್ಶಿ. ಈ ವರ್ಷದ ಫಲಕ ಸಿಲ್ವರ್ ಹೆರಾನ್ ಎಂಬ ಹಳೆಯ ಜ್ಯಾಜ್ ಬ್ಯಾಂಡಿನವರು ತಾಲೀಮು ನಡೆಸುತ್ತಿದ್ದ ಮನೆಗೆ. ಆ ಬ್ಯಾಂಡಿನವರು ಯಾರೂ ಉಳಿದಿಲ್ಲ, ಇದ್ದ ಕಾಗದಪತ್ರ ಪ್ರವಾಹದಲ್ಲಿ ಕೊಳೆತುಹೋಯಿತು. ತಾಲೀಮು ನಡೆದದ್ದು ತನ್ನ ತಾತನ ಮನೆಯಲ್ಲಿ, ಅಂದರೆ ತಾನೀಗ ಇರುವ ಮನೆಯಲ್ಲಿ, ಎಂದು ಅಲ್ಸೀಡ್ ಇಪ್ಪತ್ತು ವರ್ಷದಿಂದ ಬೀದಿಯಲ್ಲಿ ಹೇಳುತ್ತಿದ್ದ. ಈಗ ಅರ್ಜಿಯಲ್ಲೂ ಬರೆದುಕೊಟ್ಟಿದ್ದ. ಕೇರಿಯ ಇಬ್ಬರು ಸಾಕ್ಷಿ ಹೇಳಿದರೆ ಸಮಿತಿ ಒಪ್ಪಬೇಕು. ಒಂದು ಸಾಕ್ಷಿಗೆ ಅವನ ಅಕ್ಕ ಸಹಿ ಹಾಕಿದ್ದಳು. ಇನ್ನೊಂದು ಬಾಕಿ. ಸೋಮವಾರ ಅಕ್ಷರ ಕೊರೆಯುವವನಿಗೆ ಒಕ್ಕಣೆ ಕಳಿಸಬೇಕು.

"ಫಲಕ ಬಂದ್ರೆ ನೋಡಿ ಮಿಸ್, ಕಿವಿಯಂತ್ರದವರೂ ನನ್ನ ಬಾಗಿಲಿಗೇ ಬಂದು ನಿಲ್ಲಬೇಕು," ಎಂದು ಅಲ್ಸೀಡ್ ಅದೇ ಬೀದಿಯಲ್ಲಿದ್ದ ತನ್ನ ಮನೆಯ ಗೋಡೆ ತೋರಿಸಿದ. ಗೋಡೆಯಲ್ಲಿ ಅಳತೆ ಹಿಡಿದು ಕೊರೆದ ನಾಲ್ಕು ತೂತು ಆಗಲೇ ತಯಾರಾಗಿದ್ದವು. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. "ಸ್ಕ್ರೂ ಕೂಡ ತಂದಿದ್ದೀನಿ. ಹಿತ್ತಾಳೇದೇ. ತುಕ್ಕು ಹಿಡಿಯಲ್ಲ."

"ಮಗು ಹುಟ್ಟೋಕೆ ಮುಂಚೆ ಶೂ ಹೊಲಿಸೋ ಪೈಕಿ ನೀನು," ಎಂದರು ಅರ್ನೆಸ್ಟೀನ್.

ಮಧ್ಯಾಹ್ನ ಅರ್ನೆಸ್ಟೀನ್ ಚೌಕದ ಕಡೆ ಹೋದರೆ ಅಲ್ಲಿಯೂ ಅದೇ ಮನೆ. ಕಬ್ಬಿಣದ ಬೇಲಿಯುದ್ದಕ್ಕೂ ಚಿತ್ರ ತೂಗುಹಾಕುವ ಕಲಾವಿದರ ಸಾಲಿನಲ್ಲಿ ಡೆಲ್ಫೀನ್ ಎಂಬಾಕೆ ಅಲ್ಸೀಡನ ಮನೆಯನ್ನು ಬರೆದು ನೇತುಹಾಕಿದ್ದಳು. ನೀಲಿ ಬಾಗಿಲು, ಹಸಿರು ಕಿಟಕಿ, ಗೋಡೆಯ ಮೇಲೆ ಹೊಳೆಯುವ ಫಲಕ.

"ಇದಿನ್ನೂ ಅಲ್ಲಿಲ್ಲವಲ್ಲ, ಡೆಲ್ಫೀನ್?"

"ಬಣ್ಣ ಒಣಗೋದ್ರೊಳಗೆ ಗೋಡೆ ಮೇಲೂ ಬರುತ್ತೆ ಅಂದ ಮಿಸ್. ನಾನೇನು ಮಾಡ್ಲಿ, ಅವನು ಹೇಳೋವಾಗ ಎಲ್ಲಾ ನಿಜ ಅನ್ಸುತ್ತೆ."

ಅಲ್ಲಿಂದ ಅರ್ನೆಸ್ಟೀನ್ ನೇರವಾಗಿ ಜೆನೋಬಿಯಾ ಮನೆಗೆ ನಡೆದರು. ಅಲ್ಸೀಡನ ಮನೆಯಿಂದ ಐದು ಮನೆ ಆಚೆ. ಜೆನೋಬಿಯಾಗೆ ತೊಂಬತ್ತಮೂರು, ಅವಳ ತಂದೆ ಅದೇ ಬ್ಯಾಂಡಿನಲ್ಲಿ ಟ್ಯೂಬಾ ಎಂಬ ಭಾರಿ ಹಿತ್ತಾಳೆ ಕಹಳೆ ಊದುತ್ತಿದ್ದ. ಅವಳ ಒಂದು ಮಾತಿನಿಂದ ಅಲ್ಸೀಡನ ಕಟ್ಟುಕಥೆ ಬಿದ್ದುಹೋಗುತ್ತದೆ ಎಂದು ಅರ್ನೆಸ್ಟೀನ್ ನಂಬಿದ್ದರು.

"ಎಲ್ಲಿ ತಾಲೀಮು ಮಾಡ್ತಿದ್ರು, ನೆನಪಿದೆಯಾ ಮಿಸ್ ಜೆನೋಬಿಯಾ?"

"ನೆನಪಿಲ್ದೆ ಏನು? ಅಲ್ಸೀಡನ ಮನೇಲಿ."

"ನೀವೇ ಕಂಡಿದ್ದೀರಾ?"

"ಪ್ರತಿ ಶನಿವಾರ ನನ್ನ ಕಿಟಕಿ ಕೆಳಗೆ ನಿಂತು ಹೇಳ್ತಾನಲ್ಲ ಮರಿ, ಎಷ್ಟು ಚೆನ್ನಾಗಿ ಹೇಳ್ತಾನೆ! ಟ್ಯೂಬಾದ ಬಾಯಿ ಬಾಗಿಲಿಗೆ ಢಬ್ ಅಂತ ತಾಗೋದು. ನಮ್ಮಮ್ಮ ಒಳಗಿಂದ, ನನ್ ಪಾತ್ರೆ ಜೋಪಾನ, ಅಂತ ಕೂಗೋಳು."

ಅರ್ನೆಸ್ಟೀನ್ ಅವರ ಪೆನ್ನು ನಿಂತಿತು. "ಅಲ್ಸೀಡನ ಮನೇಲಿ ನಿಮ್ಮಮ್ಮನ ಪಾತ್ರೆ ಯಾಕಿತ್ತು?"

ಮುದುಕಿಯ ಮುಖ ಗಲಿಬಿಲಿಗೊಂಡಿತು. "ಹೌದಲ್ಲ... ತಗೊಂಡು ಹೋಗಿದ್ಲೇನೋ."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ನೆನಪು ಮಾಡ್ಕೊಂಡ್ರೆ ಅಲ್ಸೀಡನ ದನಿಯೇ ಕೇಳುತ್ತೆ ಕಣೇ. ಅಪ್ಪನ ದನಿ ಕೇಳಲ್ಲ."

ಹೊರಗೆ ಏನೋ ಅಲುಗಾಡಿತು. ಜಾಲರಿ ಬಾಗಿಲಿನಾಚೆ, ಮಧ್ಯಾಹ್ನದ ಸುತ್ತಿನ ಜನರನ್ನು ಹಿಂದಿಟ್ಟುಕೊಂಡು ಅಲ್ಸೀಡ್ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆಂದು ಮುಖವೇ ಹೇಳುತ್ತಿತ್ತು.

"ಸಂತೋಷವಾಯ್ತೇನಪ್ಪಾ?" ಎಂದರು ಅರ್ನೆಸ್ಟೀನ್. "ಎರಡನೇ ಸಾಕ್ಷಿ ಸಿಕ್ತು ನಿನಗೆ."

ಅಲ್ಸೀಡ್ ಟೋಪಿಯನ್ನು ಹಣೆಯ ಮೇಲಕ್ಕೆ ಎಳೆದುಕೊಂಡ. "ಬನ್ನಿ, ಮುಂದೆ ಹೋಗೋಣ," ಎಂದು ಜನರನ್ನು ಕರೆದುಕೊಂಡು ಹೊರಟುಹೋದ.

ಜೆನೋಬಿಯಾ ಸಾಕ್ಷಿಯ ಕಾಗದಕ್ಕೆ ಸಹಿ ಹಾಕಿದಳು. ನಿಯಮ ನಿಯಮವೇ, ಅರ್ನೆಸ್ಟೀನ್ ಕಾಗದ ಮಡಿಸಿ ಕೈಚೀಲಕ್ಕೆ ಸೇರಿಸಿದರು. ಪ್ರತಿ ಶನಿವಾರದಂತೆ ಅಂದು ಸಂಜೆಯೂ ಸಣ್ಣ ಸಭಾಂಗಣದ ಗಟ್ಟಿ ಬೆಂಚಿನ ಮೇಲೆ ಕುಳಿತು ಜ್ಯಾಜ್ ಕೇಳಿದರು. ಕ್ಲಾರಿನೆಟ್ಟಿನವನು ಚೆನ್ನಾಗಿಯೇ ನುಡಿಸಿದನಂತೆ. ಅವರಿಗೆ ಕೇಳಿಸಿದ್ದು ಕಡಿಮೆ. ಸುಳ್ಳುಗಾರ ಎಂಬ ಪದ ಸಾಲದು, ಇವನು ಕಳ್ಳ ಎನಿಸಿತ್ತು ಅವರಿಗೆ. ಮುದುಕಿಯ ತಲೆಯೊಳಗಿಂದ ಅವಳ ಅಪ್ಪನನ್ನೇ ಎತ್ತಿಕೊಂಡು ಹೋಗಿದ್ದಾನೆ.

ಮರುದಿನ ಭಾನುವಾರ, ಅಲ್ಸೀಡ್ ಸದಸ್ಯನಾಗಿದ್ದ ಕೇರಿ ಕ್ಲಬ್ಬಿನ ವಾರ್ಷಿಕ ಮೆರವಣಿಗೆ. ಕ್ಲಬ್ಬಿನವರೆಲ್ಲ ಪೀಚ್ ಹಣ್ಣಿನ ಬಣ್ಣದ ಸೂಟು, ಅದೇ ಬಣ್ಣದ ಟೋಪಿ, ಕೈಯಲ್ಲಿ ಗರಿಯ ಬೀಸಣಿಗೆ. ಹಿಂದೆ ಬ್ಯಾಂಡು, ಅದರ ಹಿಂದೆ ಕುಣಿಯುತ್ತ ಇಡೀ ಕೇರಿ. ಈ ವರ್ಷ ಮುಂದಾಳು ಅಲ್ಸೀಡನೇ. ಅವನು ಬೀಸಣಿಗೆ ಎತ್ತಿದ ಕಡೆ ಬ್ಯಾಂಡು ನಿಲ್ಲಬೇಕು. ಮೂರನೇ ನಿಲ್ದಾಣ ಅವನದೇ ಮನೆ ಎಂದು ಮುದ್ರಿಸಿ ಹಂಚಿದ್ದರು. ಅವನಕ್ಕ ಬಾಗಿಲ ಮುಂದೆ ಮೇಜು ಹಾಕಿ, ತಂಪು ಪಾನೀಯ ಜೋಡಿಸಿ, ನಾಲ್ಕು ತೂತಿನ ಸುತ್ತ ಹೂವಿನ ಮಾಲೆ ಕೂಡ ಅಂಟಿಸಿದ್ದಳು.

ಅರ್ನೆಸ್ಟೀನ್ ಬದಿಯ ಕಾಲುದಾರಿಯಲ್ಲಿ ನಡೆಯುತ್ತಿದ್ದರು. ಎಪ್ಪತ್ತೊಂಬತ್ತರಲ್ಲೂ ಅವರು ಮೆರವಣಿಗೆ ತಪ್ಪಿಸಿದವರಲ್ಲ, ಕುಣಿದವರೂ ಅಲ್ಲ.

ಅಲ್ಸೀಡ್ ತನ್ನ ಮನೆಯ ಮುಂದೆ ಬಂದ. ಬೀಸಣಿಗೆ ಏಳಲಿಲ್ಲ. ಕಾಲು ನಿಲ್ಲಲಿಲ್ಲ.

"ಅಲ್ಸೀಡ್! ಏಯ್! ನಿನ್ನ ಮನೆ ಇಲ್ಲಿದೆ ಕಣೋ! ಬಿಸಿಲಿಗೆ ತಲೆ ಕೆಟ್ಟಿತೇನೋ?" ಅವನಕ್ಕ ಕೈಯಲ್ಲಿ ಹೂಜಿ ಹಿಡಿದೇ ಓಡಿಬಂದಳು.

ಅವನು ತಿರುಗಿ ನೋಡಲಿಲ್ಲ. ಐದು ಮನೆ ದಾಟಿ ಜೆನೋಬಿಯಾಳ ಮೆಟ್ಟಿಲ ಮುಂದೆ ಬೀಸಣಿಗೆ ಎತ್ತಿದ. ಬ್ಯಾಂಡು ಗಕ್ಕನೆ ನಿಂತಿತು. ಜೆನೋಬಿಯಾ ಹೊರಗೆ ಕುರ್ಚಿಯಲ್ಲಿ ಕುಳಿತಿದ್ದಳು. ಅಲ್ಸೀಡ್ ಟ್ಯೂಬಾದವನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ.

"ಊದ್ತಾ ಊದ್ತಾ ಅಡುಗೆಮನೆಗೆ ಹೋಗು."

"ಈ ಬಾಗಿಲಲ್ಲಿ ಇದು ಹಿಡಿಯಲ್ಲಣ್ಣ."

"ಹಿಡಿಯುತ್ತೆ. ಓರೆ ಮಾಡು."

ಟ್ಯೂಬಾದ ಅಗಲವಾದ ಬಾಯಿ ಚೌಕಟ್ಟಿಗೆ ಢಬ್ಬೆಂದು ತಾಗಿತು. ಒಳಗೆ ನಾಲ್ಕು ಸ್ವರ ಗುಡುಗಿದವು, ಕಪಾಟಿನ ತಟ್ಟೆಗಳು ಗಲಗಲ ಎಂದವು.

"ನನ್ ಪಾತ್ರೆ ಜೋಪಾನ!" ಎಂದು ಜೆನೋಬಿಯಾ ಕಿರುಚಿದಳು. ಕಿರುಚಿ, ತನ್ನ ದನಿಗೆ ತಾನೇ ಬೆಚ್ಚಿದಳು. ಆಮೇಲೆ ಪಕ್ಕಕ್ಕೆ ಬಂದು ನಿಂತಿದ್ದ ಅರ್ನೆಸ್ಟೀನ್ ಅವರ ತೋಳನ್ನು ತಡಕಿ ಹಿಡಿದಳು. "ಒಲೆ ಪಕ್ಕ ಕೂರ್ತಿದ್ದ ಕಣೇ ನಮ್ಮಪ್ಪ. ಈ ಒಲೆ ಪಕ್ಕ. ಬೇರೆ ಯಾರ ಒಲೆ?"

ಅರ್ನೆಸ್ಟೀನ್ ಕೈಚೀಲದಿಂದ ಸಾಕ್ಷಿಯ ಕಾಗದ ತೆಗೆದರು. ಅಲ್ಸೀಡನ ಮನೆ ಎಂಬ ನಿನ್ನೆಯ ಸಾಲನ್ನು ಹೊಡೆದುಹಾಕಿ ಜೆನೋಬಿಯಾಳ ಮನೆ ಎಂದು ಬರೆಯುತ್ತಿರುವಾಗ ಹಾಳೆಯ ಮೇಲೆ ನೆರಳು ಬಿತ್ತು. ಅಲ್ಸೀಡ್. ಬೆವರಿಗೆ ಸೂಟಿನ ಬಣ್ಣ ಕಪ್ಪಾಗಿತ್ತು. ಅವನು ಏನಾದರೂ ಹೇಳುತ್ತಾನೆ, ಇದಕ್ಕೂ ಒಂದು ಕಥೆ ಕಟ್ಟುತ್ತಾನೆ ಎಂದು ಅವರು ಕಾದರು.

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ನಾಲ್ಕು ಹಿತ್ತಾಳೆ ಸ್ಕ್ರೂಗಳನ್ನು ಅವರ ಅಂಗೈಗೆ ಸುರಿದು, ಬೀಸಣಿಗೆ ಎತ್ತಿ ಬ್ಯಾಂಡಿನ ಮುಂದಕ್ಕೆ ಹೋದ.