ಅತ್ತಿಗೆ ಹೊರಿಸಿದ ಬಾಟಲಿ

ಹೊಗೆಸೊಪ್ಪಿನ ಅಂಟು ಕೂತು ಕೂತು ಅತ್ತಿಗೆಯ ಹೆಬ್ಬೆರಳು ಸುಟ್ಟ ಬದನೆಕಾಯಿಯಂತೆ ಕಪ್ಪಗಾಗಿತ್ತು. ಹುಣಸೂರಿನ ಮಂಡಿಯಲ್ಲಿ ಎಲೆ ವಿಂಗಡಿಸುವುದು ಅವರ ಕೆಲಸ. ಎಲೆಯಂಚಿನ ಮೇಲೆ ಆ ಬೆರಳು ಒಮ್ಮೆ ಆಡಿದರೆ ಯಾವ ರಾಶಿಗೆಂದು ತೀರ್ಮಾನವಾಯಿತೆಂದೇ ಲೆಕ್ಕ.

ಅರವತ್ತರ ದಶಕದ ಕೊನೆ. ಅಣ್ಣನ ಹೊಟ್ಟೆಯ ಗಡ್ಡೆಯನ್ನು ಮೈಸೂರಿನಲ್ಲಿ ಕುಯ್ದು ತೆಗೆದರು. ತುಂಡನ್ನು ಬಾಟಲಿಗೆ ಹಾಕಿ, ಅದೇ ಊರಿನ ಆ ತುದಿಯ ಪರೀಕ್ಷಾಲಯಕ್ಕೆ ಮುಟ್ಟಿಸೆಂದು ನನ್ನ ಕೈಗೆ ಕೊಟ್ಟರು. ಸೀನಿಗೂ ಬೆಚ್ಚುವ ಆಸಾಮಿ ನಾನು. ಬದುಕಿರುವವನ ಮೈಯ ತುಂಡನ್ನು ಯಾರೋ ಹೆಚ್ಚಿ ನೋಡಿದರೆ ಅಣ್ಣನಿಗೆ ಕೇಡಾದೀತೆಂದು ಹೆದರಿ, ಹುಣಸೂರಿನ ಬಸ್ಸು ಹತ್ತಿ, ಲಕ್ಷ್ಮಣತೀರ್ಥದ ದಡದಲ್ಲಿ ಅರಿಶಿನ ಕುಂಕುಮ ಹಾಕಿ ಹೂತುಬಿಟ್ಟೆ. ಕೊಟ್ಟುಬಂದೆನೆಂದು ಹೇಳಿದೆ.

ಎರಡು ವಾರಕ್ಕೆ ಡಾಕ್ಟರು ವರದಿ ಕೇಳಿದಾಗ ನಿಜ ಬಾಯಿಬಿಟ್ಟೆ. ಅವರು ತಲೆ ಹಿಡಿದುಕೊಂಡರು.

"ರೋಗ ಹೊಟ್ಟೆ ಗೋಡೇಲಿ ಎಷ್ಟು ಆಳ ಇಳಿದಿತ್ತು, ಪಕ್ಕದ ಗಂಟುಗಳಿಗೆ ಹಬ್ಬಿತ್ತಾ, ಕುಯ್ದ ಅಂಚು ಚೊಕ್ಕವಾಗಿತ್ತಾ? ಇದ್ಯಾವುದೂ ಗೊತ್ತಿಲ್ದೆ ಕರೆಂಟು ಕೊಡಿಸಬೇಕೋ ಬೇಡವೋ ಹೆಂಗಯ್ಯ ಹೇಳಲಿ?" ಕಿರಣ ಚಿಕಿತ್ಸೆಗೆ ನಮ್ಮ ಕಡೆ ಕರೆಂಟೆಂದೇ ಹೆಸರು.

ನನಗಿಂತ ಮೊದಲು ಅತ್ತಿಗೆಗೆ ಅರ್ಥವಾಯಿತು. "ಎಲೆ ಊತಾಕ್ಬುಟ್ಟು ಗ್ರೇಡ್ ಕೇಳ್ದಂಗಾಯ್ತು ಕಣೋ."

ಕರೆಂಟು ಕೊಡಿಸಲಿಲ್ಲ. ವರ್ಷದೊಳಗೆ ರೋಗ ಮರಳಿತು, ಅಣ್ಣ ಹೋದ. ಕೊಡಿಸಿದ್ದರೆ ಉಳಿಯುತ್ತಿದ್ದನೇ? ಈ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅತ್ತಿಗೆ ಬಯ್ಯಲಿಲ್ಲ. ತಿಥಿ ಮುಗಿದ ಮೇಲೆ ಸೇಡು ಶುರು ಮಾಡಿದರು. ಪಿರಿಯಾಪಟ್ಟಣವೋ ಹಂಪಾಪುರವೋ, ಯಾರಿಗೆ ಗಡ್ಡೆ ಕುಯ್ಯುವ ಸುದ್ದಿ ಬಂದರೂ ಹೇಳಿಕಳಿಸುವರು: "ಬಾಟ್ಲಿ ನಮ್ ಮೈದ್ನ ತಕ್ಕೊಂಡೋಯ್ತಾನೆ." ನನ್ನ ತೊಡೆಯ ಮೇಲೆ ಬಾಟಲಿ, ಪಕ್ಕದಲ್ಲಿ ಕಾವಲಿಗೆ ಅವರು. ಬಸ್ಸಿನಲ್ಲಿ ಯಾರೋ, "ಉಪ್ಪಿನಕಾಯಾ ಸ್ವಾಮಿ?" ಎಂದರೆ ಅತ್ತಿಗೆಯೇ ಉತ್ತರಿಸುವರು: "ಊಂ ಕಣ್ರೀ. ಕಣ್ ತಪ್ಪುದ್ರೆ ಊತಾಕ್ಬುಡ್ತಾನೆ."

ಕೊನೆಗೆ ಅವರ ಹೊಟ್ಟೆಯಲ್ಲೇ ಗಡ್ಡೆ. ಆ ಬಾಟಲಿಯನ್ನು ಕಾವಲಿಲ್ಲದೆ ಒಯ್ದೆ. ವರದಿ ತಂದಾಗ, "ನಿಮ್ಮಣ್ಣನ ಫೋಟೋ ಮುಂದೆ ನಿಂತ್ಕಂಡು ಓದು, ಜೋರಾಗಿ" ಎಂದರು. ಡಾಕ್ಟರು ಬಿಡಿಸಿ ಹೇಳಿದ್ದನ್ನು ಒಪ್ಪಿಸಿದೆ: ಅಂಚು ಚೊಕ್ಕ, ಗಂಟುಗಳಲ್ಲಿ ರೋಗ, ಕರೆಂಟು ಕೊಡಿಸಬೇಕು. ಅತ್ತಿಗೆ ಫೋಟೋ ಕಡೆ ತಿರುಗಿದರು.

"ಕೇಳುಸ್ತಾ? ನಿಮ್ಗೂ ಇಂಗೇ ಒಂದು ಚೀಟಿ ಬರ್ಬೇಕಿತ್ತು. ಇವ್ನು ಮಣ್ಣಿಗೆ ಕೊಟ್ಬುಟ್ಟ."

ಕರೆಂಟು ಕೊಡಿಸಿದೆವು. ನಾಲ್ಕು ವರ್ಷ ಬದುಕಿದರು. ನಾಲ್ಕು ವರ್ಷವೂ ಕ್ಷಮಿಸಲಿಲ್ಲ.

ಅವರು ತೀರಿಕೊಂಡ ಮರುವಾರ ಹಾರನಹಳ್ಳಿಯಿಂದ ಯಾರೋ ಬಂದು ಬಾಗಿಲಲ್ಲಿ ನಿಂತರು.

"ಬಾಟ್ಲಿ ತಕ್ಕೊಂಡೋಗೋರು ನೀವೇನಾ? ಮಂಡಿ ಅಮ್ಮಾರು ಮೊದ್ಲೇ ಯೋಳಿದ್ರು."

ಚಪ್ಪಲಿ ಮೆಟ್ಟಿಕೊಂಡೆ.