ನಾಯಿಗಳ ಬಯಲಿಗೆ ಒಣಮೀನು ತಂದ ದೊಡ್ಡಮ್ಮ

ಮೊನ್ನೆ ಹಳೆಯ ವ್ಯಾನನ್ನು ಮಾರಲೆಂದು ತೊಳೆಸುತ್ತಿದ್ದೆ. ಹಿಂದಿನ ಸೀಟು ಎತ್ತಿದ್ದೇ ತಡ, ಹುರಿದ ಒಣಮೀನಿನ ವಾಸನೆ ಮೂಗಿಗೆ ಬಡಿಯಿತು. ತೊಳೆಯುವವನು ಮುಖ ತಿರುಗಿಸಿದ. ನಾನು ಮಾತ್ರ ಬಗ್ಗಿ ಇನ್ನೊಮ್ಮೆ ಮೂಸಿದೆ. ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಸಂಬಂಧವೇನಿಲ್ಲ, ನಮ್ಮ ಕೇರಿಗೆಲ್ಲ ಅವರು ದೊಡ್ಡಮ್ಮನೇ.

ದೊಡ್ಡಮ್ಮನ ಗಂಡ ಬಸ್ರೂರಿನಲ್ಲಿ ಸಣ್ಣ ಹೋಟೆಲು ನಡೆಸಿದವರು. ಅವರು ತೀರಿಕೊಂಡ ಮೇಲೆ, ಅವರೇ ಸಾಕಿದ ಕಂದು ಬಣ್ಣದ ಊರನಾಯಿ ಗೇಟಿನ ಬಳಿ ಕೂತದ್ದು ಏಳಲೇ ಇಲ್ಲ. ಅನ್ನ ಹಾಕಿದರೆ ಮೂಸಿ ಬಿಡುತ್ತಿತ್ತು. ಪಕ್ಕೆಲುಬು ಎದ್ದು ಕಾಣತೊಡಗಿತು. ಅದೂ ಸತ್ತುಹೋದೀತೆಂಬ ಹೆದರಿಕೆಯಲ್ಲಿ ದೊಡ್ಡಮ್ಮನಿಗೆ ಗಂಡನಿಗಾಗಿ ಅಳಲೂ ಪುರುಸೊತ್ತಿರಲಿಲ್ಲ.

“ಅದ್ಕೊಂದ್ ಜೊತೆ ಆಯ್ಕ್ ಮಗಾ,” ಎಂದರು ಒಂದು ದಿನ. “ನಾ ಎಷ್ಟಂದೇಳಿ ಮಾತಾಡ್ಸುದ್?”

ಆಗಷ್ಟೇ ಕೋಡಿಯ ಕಡೆ ಯಾರೋ ಖಾಲಿ ಜಾಗಕ್ಕೆ ಬೇಲಿ ಹಾಕಿ, ಭಾನುವಾರ ಬೆಳಿಗ್ಗೆ ಸಾಕುನಾಯಿಗಳನ್ನು ಬಿಟ್ಟು ಆಡಿಸಲು ಬಯಲು ಮಾಡಿದ್ದರು. ನಾಯಿಗೂ ಪಾರ್ಕು ಬಂತಲ್ಲ ಎಂದು ಕೇರಿಯವರು ನಗುತ್ತಿದ್ದರು. ನಾನೂ ನಕ್ಕವನೇ. ಆದರೂ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟೆ. ಮೊದಲೇ ಹೋಗಿ ಬೋರ್ಡು ಓದಿ ಬಂದು ಅಲ್ಲಿನ ರೀತಿ ರಿವಾಜು ಒಪ್ಪಿಸಿದೆ. ಕೇಳದೆ ಇನ್ನೊಬ್ಬರ ನಾಯಿ ಮುಟ್ಟಬಾರದು, ನಮ್ಮ ನಾಯಿಯ ಹೊಲಸು ನಾವೇ ತೆಗೆಯಬೇಕು, ತಿನ್ನುವ ಪದಾರ್ಥ ಒಳಗೆ ತರಬಾರದು. ದೊಡ್ಡಮ್ಮ ಎಲ್ಲಕ್ಕೂ ತಲೆಯಾಡಿಸಿದರು.

ಭಾನುವಾರ ನೋಡಿದರೆ ಸ್ಟೀಲು ಡಬ್ಬಿಯ ತುಂಬ ಹುರಿದ ಒಣಮೀನು ತುಂಬಿಕೊಂಡು ವ್ಯಾನು ಹತ್ತಿದ್ದರು! ನಿನ್ನೆ ಹೇಳಿದ್ದೇನು ಎಂದು ರೇಗಿದೆ. ಅವರು ನಕ್ಕುಬಿಟ್ಟರು.

“ಅದ್ ಮದಿ ಕಾಗ್ದದಂಗ್ ಬರುದ್ ಮಾರಾಯಾ. ಉಡುಗೊರೆ ಬ್ಯಾಡ ಅಂದೇಳಿ ಎಲ್ರೂ ಬರಿತ್ರ್. ಹಾಂಗಂದೇಳಿ ಬರಿ ಕೈಯಲ್ ಹೋಪುಕಾತ್ತಾ?”

ನಾನು ವ್ಯಾನು ಹೊರಡಿಸಿದೆ. ಅಂಥ ಕಾಗದ ಬಂದ ಮದುವೆಗಳಿಗೆ ನಾವೂ ಲಕೋಟೆ ಹಿಡಿದೇ ಹೋದವರಲ್ಲವೇ...

ಬಯಲಿನೊಳಗೆ ದೊಡ್ಡಮ್ಮ ಎಲ್ಲರನ್ನೂ ನಿಮ್ಮದು ಯಾವ ಊರು, ಮನೆಯಲ್ಲಿ ಎಲ್ಲ ಹುಷಾರಾ ಎಂದು ವಿಚಾರಿಸಿದರು. ಅಲ್ಲಿದ್ದವರಾದರೋ ನಾಯಿಯ ಹೆಸರಷ್ಟೇ ವಿಚಾರಿಸಿ ಮುಂದೆ ನಡೆದರು. ನಂಟರ ಮಕ್ಕಳಿಗೆ ಹಂಚುವವರಂತೆ ದೊಡ್ಡಮ್ಮ ಡಬ್ಬಿಯ ಮುಚ್ಚಳ ತೆಗೆದರು. ಅಷ್ಟೇ. ಮೂಲೆ ಮೂಲೆಯಿಂದ ನಾಯಿಗಳು ನುಗ್ಗಿದವು. ಡಬ್ಬಿ ಉರುಳಿತು. ಕನ್ನಡಕ ಹಾಕಿದ ಹಾಲಾಡಿಯ ಹೆಂಗಸೊಬ್ಬರ ಲ್ಯಾಬ್ರಡಾರಿನ ಕಿವಿಯನ್ನು ನಮ್ಮ ನಾಯಿ ಕಚ್ಚಿ ರಕ್ತ ಬರಿಸಿತು.

“ಬೋರ್ಡ್ ಓದುಕ್ ಬತ್ತಿಲ್ಯಾ ನಿಮ್ಗೆ?” ಎಂದು ಕನ್ನಡಕದವರು ಕಿರುಚಿದರು.

ದೊಡ್ಡಮ್ಮ ಕೈಮುಗಿದು ನಿಂತಿದ್ದರು. ಕಣ್ಣು ಮಾತ್ರ ನಮ್ಮ ನಾಯಿಯ ಮೇಲಿತ್ತು. ಅದು ಮಣ್ಣಿಗೆ ಬಿದ್ದ ಮೀನನ್ನು ಗಬಗಬ ನುಂಗುತ್ತಿತ್ತು. “ತಿಂತ್ ಕಾಣ್ ಮಗಾ, ತಿಂತ್!” ಎಂದು ನನ್ನ ತೋಳು ಹಿಡಿದು ಪಿಸುಗುಟ್ಟಿದರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಗಿತ್ತು, ಜೊತೆಗೆ ಕುಣಿಯಬೇಕೆಂದೂ ಅನ್ನಿಸಿತ್ತು. ಇನ್ನು ಇಲ್ಲಿಗೆ ಬರಬೇಡಿ ಎಂದು ಬಯಲಿನವರು ನಮ್ಮನ್ನು ಹೊರಗೆ ಕಳಿಸಿದರು.

ಮುಂದಿನ ವಾರ ಆ ಕನ್ನಡಕದವರು ವಿಳಾಸ ಹುಡುಕಿಕೊಂಡು ಬಂದೇಬಿಟ್ಟರು. ಮುಖ ಬಿಗಿದಿತ್ತು. ನಾನು ಬೇಲಿ ದಾಟಿ ದೊಡ್ಡಮ್ಮನ ಅಂಗಳಕ್ಕೆ ಓಡಿದೆ. ಅವರು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಬೆಲ್ಲ, ನೀರು ತಂದು ಎದುರಿಗಿಟ್ಟಾಗಿತ್ತು. “ಬನಿ, ಕೂಕಣಿ. ಆಸ್ರಿಗ್ ಎಂತ ಕುಡಿತ್ರಿ?”

ಬೆಲ್ಲ ಬಾಯಿಗಿಟ್ಟವರು ಜಗಳವಾಡುವುದು ಹೇಗೆ? ಅವರು ಜಗಳಕ್ಕೆಂದೇ ಬಂದಿದ್ದರೋ, ನಮ್ಮ ನಾಯಿ ಹೇಗಿದೆ ಎಂದು ಕೇಳಲು ಬಂದಿದ್ದರೋ, ಕೊನೆಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಕಾರಿನೊಳಗಿದ್ದ ಲ್ಯಾಬ್ರಡಾರ್ ಬೊಗಳಿತು. ನಮ್ಮದು ತಾನಾಗಿ ಎದ್ದು ಕಾರಿನ ಬಳಿ ಹೋಗಿ ಬಾಲ ಅಲ್ಲಾಡಿಸಿತು. ಕನ್ನಡಕದವರು ಬಾಗಿಲು ತೆಗೆದದ್ದೇ, ಕಿವಿ ಕಚ್ಚಿದವರೂ ಕಚ್ಚಿಸಿಕೊಂಡವರೂ ಅಂಗಳದಲ್ಲಿ ಉರುಳಾಡಿದರು. ಆಮೇಲೆ ಭಾನುವಾರವೆಂದರೆ ಕನ್ನಡಕದವರ ಕಾರು ನಮ್ಮ ಕೇರಿಯಲ್ಲೇ. ನಾಯಿ ಮೈ ತುಂಬಿಕೊಂಡಿತು. ದೊಡ್ಡಮ್ಮ ಗಂಡನಿಗಾಗಿ ನಿಧಾನವಾಗಿ ಅಳತೊಡಗಿದ್ದೂ ಆಗಲೇ ಇರಬೇಕು...

ಹೋದ ವರ್ಷ ದೊಡ್ಡಮ್ಮನೂ ಹೋದರು. ನಾಯಿ ಮತ್ತೆ ಊಟ ಬಿಡುತ್ತದೆಂದು ನನಗೆ ಖಾತ್ರಿಯಿತ್ತು. ಕನ್ನಡಕದವರು ಬಂದು ಕಾರಿನ ಬಾಗಿಲು ತೆಗೆದರು. ಅದು ಹಾರಿ ಒಳಗೆ ಕೂತಿತು, ಹೋಯಿತು.

ವ್ಯಾನು ತೊಳೆಸಿ ಬಂದ ಸಂಜೆ ಅವರಿಗೆ ಫೋನು ಮಾಡಿದೆ. ನಾಯಿ ಗಟ್ಟಿಮುಟ್ಟಾಗಿದೆಯಂತೆ. ಬಂದ ದಿನವೇ ಹೊಟ್ಟೆ ತುಂಬ ಉಂಡು ಮಲಗಿತ್ತಂತೆ. ಒಳ್ಳೆಯದಾಯಿತು ಎಂದು ಫೋನಿಟ್ಟೆ. ದೊಡ್ಡಮ್ಮ ಬೇಡಿಕೊಂಡದ್ದು ಇದನ್ನೇ, ನನಗೆ ಗೊತ್ತು. ಆದರೂ ಅವರಿಗೋಸ್ಕರ ಒಂದು ಹೊತ್ತಿನ ಊಟವನ್ನಾದರೂ ಅದು ಬಿಡಬಾರದಿತ್ತೇ?